ಆಲ್-ಇನ್‌ಗೆ ಕಾಲ್ ಮಾಡುವ ಮುನ್ನ ಒಂದು ಭಾಗಾಕಾರ

ಪೋಕರ್‌ನಲ್ಲಿ ಎದುರಾಳಿ ಆಲ್-ಇನ್ ಎಂದಾಗ, ಅಂದರೆ ತನ್ನ ಚಿಪ್‌ಗಳನ್ನೆಲ್ಲ ಪಣಕ್ಕಿಟ್ಟಾಗ, ಕಾಲ್ ಮಾಡಲು (ಅಷ್ಟನ್ನೇ ಹಾಕಿ ಆಟದಲ್ಲಿ ಉಳಿಯಲು) ನೀವು ಹಾಕಬೇಕಾದ ಚಿಪ್‌ಗಳನ್ನು, ಅವೂ ಸೇರಿದ ಮೇಲಿನ ಒಟ್ಟು ಪಾಟ್‌ನಿಂದ, ಅಂದರೆ ಮೇಜಿನ ನಡುವೆ ಸೇರಿದ ಪಣದಿಂದ, ಭಾಗಿಸಿ. ಗೆಲುವಿನ ಸಾಧ್ಯತೆ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಕಾಲ್ ಮಾಡಿ. ಪಾಟ್‌ನಲ್ಲಿ 600 ಇದ್ದು ಆತ ಮತ್ತೆ 600 ಹಾಕಿದರೆ, ನಿಮ್ಮ 600 ಸೇರಿ 1800. ಅಂದರೆ ಮೂರು ಸಲಕ್ಕೆ ಒಮ್ಮೆ, ಸುಮಾರು ಶೇ 33ರಷ್ಟು ಗೆದ್ದರೂ ನಷ್ಟವಿಲ್ಲ. ಸಾಧ್ಯತೆ ತಿಳಿಯಲು ನಿಮ್ಮನ್ನು ಗೆಲ್ಲಿಸುವ ಎಲೆಗಳನ್ನು ಎಣಿಸಿ, ಫ್ಲಾಪ್‌ನಲ್ಲಾದರೆ (ಮೇಜಿನ ಮೇಲೆ ಮೊದಲ ಮೂರು ಎಲೆ ಬಿದ್ದಾಗ) 4ರಿಂದ, ಟರ್ನ್ (ನಾಲ್ಕನೇ ಎಲೆ) ಬಿದ್ದ ಮೇಲಾದರೆ 2ರಿಂದ ಗುಣಿಸಿ. ಫ್ಲಾಪ್‌ನಲ್ಲೇ ನಾಲ್ಕು ಆಟೀನು ಕೂಡಿ ಐದನೆಯದಕ್ಕೆ ಕಾಯುತ್ತಿದ್ದರೆ ಉಳಿದವು 9, ಶೇ 36: ಕಾಲ್ ಮಾಡಬಹುದು. ಟರ್ನ್ ಆದ ಮೇಲೆ ಬರೀ ಶೇ 18: ಎಲೆ ಕೆಳಗಿಡಿ. ಸಿಲ್ಕ್ ಬೋರ್ಡ್ ಸಿಗ್ನಲ್ ಬಿಡುವುದರೊಳಗೆ ಹತ್ತು ಸಲ ಮಾಡಿ ಮುಗಿಸಬಹುದಾದ ಲೆಕ್ಕ. ಆದರೆ ಎದುರಾಳಿಯ ಕೈಯಲ್ಲಿ ನಿಮಗಿಂತ ದೊಡ್ಡ ಆಟೀನುಗಳಿದ್ದರೆ, ಗೆಲ್ಲಿಸುತ್ತದೆ ಎಂದುಕೊಂಡ ಎಲೆಯೇ ಮುಳುಗಿಸುತ್ತದೆ. ನಿಮ್ಮ ನಂತರ ಇನ್ನೊಬ್ಬರ ಸರದಿ ಬಾಕಿಯಿದ್ದಾಗಲೂ, ಟೂರ್ನಿಯಲ್ಲಿ ಬಹುಮಾನದ ಗಡಿ ಹತ್ತಿರವಿದ್ದಾಗಲೂ ಇದನ್ನು ನಂಬಬೇಡಿ. ಇದೆಲ್ಲ ಉಚಿತ ಚಿಪ್‌ಗಳ ಮೇಜಿಗೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.