ಮಣ್ಣೆತ್ತಿನ ಗ್ವಾದಲಿಗೆ ಮಕ್ಕಳೇ ಬೆಳೆದ ಹಸಿ ಮೇವು

ಕಾರ ಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ವಿಜಯಪುರದ ಸಂತೆಗೆ ಹೋದರೆ ಮಣ್ಣಲ್ಲಿ ಮಾಡಿಟ್ಟ ಜೋಡೆತ್ತು ಸಿಗುತ್ತವೆ. ತಂದು ಜಗಲಿ ಮೇಲಿಟ್ಟು ಪೂಜೆ ಮಾಡಿದರೆ ಹಬ್ಬ ಆಗುತ್ತದೆ, ನಿಜ. ಆದರೆ ಮನೆಯಲ್ಲಿ ಮೂರರಿಂದ ಏಳು ವರ್ಷದ ಮಗು ಇದ್ದರೆ ಈ ಸಲ ಎತ್ತು ತರಬೇಡಿ, ಮಣ್ಣು ತನ್ನಿ. ಎತ್ತನ್ನೂ ಮಗುವೇ ಮಾಡಲಿ, ಅದರ ಮುಂದಿನ ಗ್ವಾದಲಿಯಲ್ಲಿ (ದನಕ್ಕೆ ಮೇವು ಹಾಕುವ ತೊಟ್ಟಿಯಲ್ಲಿ) ಮೇವನ್ನೂ ಮಗುವೇ ಬೆಳೆಯಲಿ. ಇದಕ್ಕೆ ಎಂಟು ದಿನ ಬೇಕು. ಕಾರ ಹುಣ್ಣಿಮೆಯ ಕರಿ ಹರಿದು (ಎತ್ತು ಓಡಿಸಿ ತೋರಣ ಹರಿಯುವ ಆಚರಣೆ ಮುಗಿದು) ಒಂದು ವಾರ ಕಳೆದ ಮೇಲೆ ಶುರು ಮಾಡಿದರೆ ಲೆಕ್ಕ ಸರಿಹೋಗುತ್ತದೆ.

ಮೊದಲು ಮಣ್ಣು

ನಮ್ಮದು ಎರೆ ನಾಡು. ಡೋಣಿ ಹೊಳೆ ದಂಡೆಯ ಕಪ್ಪು ಮಣ್ಣಲ್ಲಿ ಬಿಳಿಜೋಳ ಹೇಗೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಅದೇ ಮಣ್ಣನ್ನು ಹಾಗೇ ಕುಂಡಕ್ಕೆ ತುಂಬಿದರೆ ಬೀಜ ಕೊಳೆಯುತ್ತದೆ. ಎರೆ ನೀರು ಕುಡಿದರೆ ಉಬ್ಬುತ್ತದೆ, ಆ ನೀರನ್ನು ಬೇಗ ಬಿಡುವುದಿಲ್ಲ. ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಗಬೀಳುವಷ್ಟು ಬಿರುಕು ಬಿಡುವುದು ಇದಕ್ಕೇ.

ಹಾಗಾಗಿ ಬೀಜ ಹಾಕಲು ಒಂದು ಪಾಲು ಎರೆ, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕಲಸಿ. ಹದ ನೋಡುವ ಕೆಲಸ ಮಗುವಿಗೆ ಬಿಡಿ. ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಶೇಂಗಾ ಉಂಡಿಯ ಹಾಗೆ ಕಟ್ಟಲಿ. ಉಂಡಿಯನ್ನು ಬೆರಳಿಂದ ಒತ್ತಿದರೆ ಉದುರಬೇಕು. ನುಣ್ಣಗೆ ಮೆತ್ತಿಕೊಂಡೇ ಉಳಿದರೆ ಇನ್ನೂ ಒಂದು ಹಿಡಿ ಮರಳು ಬೇಕು. ಈ ಆಟವನ್ನು ಮಕ್ಕಳು ಹತ್ತು ಸಲ ಆಡುತ್ತಾರೆ, ಆಡಲಿ.

ಮಣ್ಣನ್ನು ಗಟಾರದ ಪಕ್ಕದಿಂದ ತರಬೇಡಿ, ಔಷಧಿ ಹೊಡೆದ ಹೊಲದಿಂದಲೂ ಬೇಡ. ಹುತ್ತದ ಮಣ್ಣು ಒಳ್ಳೆಯದು ಅಂತ ಮಕ್ಕಳನ್ನು ಹುತ್ತದ ಹತ್ತಿರ ಕಳಿಸಲೇಬೇಡಿ. ಕುಂಬಾರರ ಮನೆಯಲ್ಲಿ ಹದ ಮಾಡಿದ ಮಣ್ಣು ಸಿಕ್ಕರೆ ಎತ್ತಿಗೆ ಅದೇ ಉತ್ತಮ.

ಒಂದನೇ ದಿನ: ಗ್ವಾದಲಿಯಲ್ಲಿ ಬೀಜ

ಗ್ವಾದಲಿಗೆ ಅರ್ಧ ತೆಂಗಿನ ಚಿಪ್ಪು ಸಾಕು. ಹಸಿ ಮಣ್ಣಿನಲ್ಲೇ ಗ್ವಾದಲಿ ಮಾಡಿದರೆ ನೀರು ಹಾಕಿದಾಗ ಕರಗುತ್ತದೆ. ಚಿಪ್ಪಿನ ಕಣ್ಣಿನಲ್ಲಿ ನೀರು ಬಸಿಯಲು ದೊಡ್ಡವರು ಒಂದು ತೂತು ಮಾಡಿಕೊಡಿ.

ಬಿತ್ತಲು ಗೋಧಿ ತಗೊಳ್ಳಿ. ನವರಾತ್ರಿ ಘಟಕ್ಕೆ ಹಾಕುವ ಹಾಗೆಯೇ. ಜೋಳ ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಎಳೆ ಜೋಳದ ಸಸಿಯಲ್ಲಿ ವಿಷದ ಅಂಶ ಇರುತ್ತದೆ, ಅದಕ್ಕೇ ರೈತರು ಎಳೆ ಜೋಳಕ್ಕೆ ದನ ಬಿಡುವುದಿಲ್ಲ. ಸಣ್ಣ ಮಕ್ಕಳು ಕೈಗೆ ಸಿಕ್ಕ ಹಸಿರನ್ನು ಬಾಯಿಗೆ ಹಾಕುತ್ತಾರೆ, ಅಲ್ವಾ?

ಒಂದು ಹಿಡಿ ಗೋಧಿಯನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಚಿಪ್ಪಿನ ಮುಕ್ಕಾಲು ಭಾಗ ಮಣ್ಣು ತುಂಬಿ, ಕಾಳು ಒತ್ತೊತ್ತಾಗಿ ಹರಡಿ, ಮೇಲೆ ಕಾಳು ಮುಚ್ಚುವಷ್ಟು ಮಾತ್ರ ಮಣ್ಣು ಉದುರಿಸಿ. ಒದ್ದೆ ಬಟ್ಟೆ ಹೊದಿಸಿ ನೆರಳಲ್ಲಿಡಿ. ಎರಡು ಮೂರು ದಿನಕ್ಕೆ ಬಿಳಿ ಮೊಳಕೆ ಕಾಣುತ್ತದೆ, ಆಗ ಬಟ್ಟೆ ತೆಗೆದು ಬೆಳಕಿಗೆ ತನ್ನಿ. ಹಬ್ಬದ ಹೊತ್ತಿಗೆ ನಾಲ್ಕು ಬೆರಳು ಎತ್ತರ ಬಂದಿರುತ್ತದೆ.

ನೀರು ಜಾಸ್ತಿ ಹಾಕುವುದೇ ಮಕ್ಕಳ ಅಭ್ಯಾಸ. ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ನಾಲ್ಕು ತೂತು ಹಾಕಿ ಕೊಡಿ. ಮೊದಲು ಉಗುರು ಮುಳುಗುವಷ್ಟು ಬೆರಳು ಮಣ್ಣಿಗೆ ಊರಿ ನೋಡಬೇಕು. ಮಣ್ಣು ಅಂಟಿದರೆ ಇವತ್ತು ನೀರಿಲ್ಲ. ನಮ್ಮ ಮನೆಯ ಐದು ವರ್ಷದವಳು ಈಗ ಅಂಗಳದ ತುಳಸಿಗೂ ಬೆರಳು ಊರಿ ನೋಡಿಯೇ ನೀರು ಹಾಕುತ್ತಾಳೆ.

ನಾಲ್ಕನೇ ದಿನ: ಎತ್ತು

ಮೂರನೇ ದಿನದ ರಾತ್ರಿಯೇ ತಯಾರಿ ಬೇಕು. ಒಣ ಎರೆಯನ್ನು ಕುಟ್ಟಿ, ಜರಡಿ ಹಿಡಿದು, ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಮೇಲಿನ ನೀರು ಚೆಲ್ಲಿ, ನಾಲ್ಕು ಹಿಡಿ ಮಣ್ಣಿಗೆ ಒಂದು ಹಿಡಿ ಸಣ್ಣ ಮರಳು ಮತ್ತು ಎಳೆಎಳೆಯಾಗಿ ಬಿಡಿಸಿದ ಚೂರು ಅರಳೆ ಸೇರಿಸಿ. ರೊಟ್ಟಿ ಹಿಟ್ಟಿನ ಹಾಗೆ ನಾದಿ. ಕೈಗೆ ಅಂಟುವುದು ನಿಲ್ಲುವ ತನಕ ನಾದಬೇಕು. ಮರಳು, ಅರಳೆ ಇದ್ದರೆ ಮಣ್ಣು ಬಿರಿಯುವುದು ಕಡಿಮೆ.

ಮಕ್ಕಳು ಮೈ ಬೇರೆ, ಕಾಲು ಬೇರೆ ಮಾಡಿ ಅಂಟಿಸಲು ನೋಡುತ್ತಾರೆ. ಹಾಗೆ ಅಂಟಿಸಿದ ಕಾಲು ಒಣಗಿದ ಮೇಲೆ ಬಿದ್ದುಹೋಗುತ್ತದೆ. ಒಂದೇ ಮುದ್ದೆಯಿಂದ ಎಳೆಯಬೇಕು. ಬದನೆಕಾಯಿ ಗಾತ್ರದ ಮುದ್ದೆ ತಗೊಂಡು ಉದ್ದ ಮಾಡಿ, ಕೆಳಗಿನಿಂದ ನಾಲ್ಕು ಕಾಲು ಚಿವುಟಿ ಎಳೆಯಿರಿ. ಕಾಲು ಮೋಟಾಗಿ ದಪ್ಪಗಿರಲಿ, ಆಗಲೇ ಎತ್ತು ನಿಲ್ಲುತ್ತದೆ. ಮುಂದಕ್ಕೆ ಕುತ್ತಿಗೆ, ಮುಖ. ಹೆಗಲ ಮೇಲೆ ಹೆಬ್ಬೆರಳು ಮತ್ತು ತೋರುಬೆರಳಿಂದ ಒಮ್ಮೆ ಹಿಂಡಿದರೆ ಡುಬ್ಬ ಎದ್ದುಬರುತ್ತದೆ. ಕೋಡಿಗೆ ಮಾತ್ರ ಕಣಕಿಯ (ಒಣಗಿದ ಜೋಳದ ದಂಟಿನ) ಸಣ್ಣ ಕಡ್ಡಿ ಚುಚ್ಚಿ, ಅದರ ಸುತ್ತ ಮಣ್ಣು ಮೆತ್ತಿ. ಮೂರು ವರ್ಷದ ಮಗು ಮಾಡಿದ್ದು ಎತ್ತಿನ ಹಾಗೆ ಕಾಣದಿದ್ದರೂ ತಿದ್ದಬೇಡಿ. ನೀವು ಬೇಕಾದರೆ ಪಕ್ಕದಲ್ಲಿ ಕೂತು ನಿಮ್ಮದೊಂದು ಮಾಡಿ.

ಹೋದ ವರ್ಷ ನಮ್ಮ ಎತ್ತು ಬೇಗ ಒಣಗಲಿ ಅಂತ ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟಿದ್ದೆ. ಸಂಜೆ ಹೊತ್ತಿಗೆ ಹೊಟ್ಟೆಯ ನಡುವೆ ಸೀಳಿತ್ತು. ಮಗಳು ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಬಹಳ ಹೊತ್ತು ಅತ್ತಳು. ಅವ್ವ ನೋಡಿ, "ಬಿಸಿಲಾಗ ಇಟ್ರ ಸೀಳತೈತಿ, ನೆರಳಾಗ ಇಡಬೇಕು" ಅಂದಳು. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ, ಅದಕ್ಕೆ ಸೀಳುವುದು. ಮೊದಲ ದಿನ ಒದ್ದೆ ಬಟ್ಟೆ ಹೊದಿಸಿ, ಆಮೇಲೆ ಮೂರು ದಿನ ನೆರಳಲ್ಲಿಡಿ. ಸಣ್ಣ ಬಿರುಕು ಬಂದರೆ ತೆಳ್ಳಗೆ ಕಲಸಿದ ಅದೇ ಮಣ್ಣನ್ನು ಬೆರಳಿಂದ ಸವರಿ.

ಮೈ ಹಸಿ ಇರುವಾಗಲೇ ಅಲಂಕಾರ ಮಾಡಬೇಕು. ಕುಸುಬಿ ಕಾಳು ಬೆಳ್ಳಗೆ ಮಿಂಚುತ್ತದೆ, ಕೊರಳಿಗೆ ಒಂದು ಸಾಲು ಒತ್ತಿದರೆ ಸರವೇ ಆಯಿತು. ಅಗಸಿ ಕಾಳು ಕಣ್ಣಿಗೆ ಚಂದ. ಗುಲಗಂಜಿಯ ಕೆಂಪು ಎಲ್ಲರಿಗೂ ಇಷ್ಟ, ಆದರೆ ಸಣ್ಣವರ ಕೈಗೆ ಅದನ್ನು ಕೊಡಲೇಬೇಡಿ. ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಔಡಲ ಬೀಜವೂ ಹಾಗೆಯೇ.

ಕಣಕಿಯ ಬಂಡಿ

ಸಮಯ ಇದ್ದರೆ ಮಾತ್ರ. ಕಣಕಿಯ ಸಿಪ್ಪೆ ಬ್ಲೇಡಿನಂತೆ ಕೊಯ್ಯುತ್ತದೆ, ಅದನ್ನು ಸುಲಿಯುವುದು ದೊಡ್ಡವರ ಕೆಲಸ. ಒಳಗಿನ ಬೆಂಡು ಮಗುವಿಗೆ. ಸಿಪ್ಪೆಯ ಗಿಡ್ಡ ಕಡ್ಡಿಗಳೇ ಮೊಳೆ, ಬೆಂಡಿಗೆ ಚುಚ್ಚುತ್ತ ಹೋದರೆ ನೊಗವೂ ಆಗುತ್ತದೆ, ಬಂಡಿಯೂ ಆಗುತ್ತದೆ. ಗಾಲಿಗೆ ಉಳಿದ ಮಣ್ಣು ತಟ್ಟಿ.

ಹಬ್ಬ ಆದ ಮೇಲೆ

ಪೂಜೆಯಾದ ಎತ್ತನ್ನು ಬಾವಿಗೆ, ಕೆರೆಗೆ ಬಿಡುತ್ತೇವೆ. ಬಣ್ಣ ಹಚ್ಚದ ಎತ್ತಾದರೆ ಮನೆಯ ಬಕೆಟ್ಟಿನಲ್ಲೇ ಬಿಡಬಹುದು. ಮಗು ಪಕ್ಕದಲ್ಲಿ ಕೂತು ನೋಡಲಿ. ಮೊದಲು ಗುಳ್ಳೆ ಏಳುತ್ತವೆ, ಆಮೇಲೆ ಕೋಡು ಜಾರುತ್ತದೆ, ಒಂದೆರಡು ತಾಸಿನಲ್ಲಿ ಎತ್ತೆಲ್ಲ ಮಣ್ಣಾಗಿ ಕೂರುತ್ತದೆ. ಆ ಮಣ್ಣಿಗೆ ಮತ್ತೆ ಮರಳು, ಗೊಬ್ಬರ ಬೆರೆಸಿ ಹಳೆಯ ಎಣ್ಣೆ ಡಬ್ಬಿಗೆ ತುಂಬಿ, ಡಬ್ಬಿಯ ತಳಕ್ಕೆ ತೂತು ಇರಲಿ. ಈ ಸಲ ಅಲಸಂದಿ ಹಾಕಿ. ಕಾಳು ದಪ್ಪ, ಸಣ್ಣ ಬೆರಳಿಗೆ ಸುಲಭವಾಗಿ ಸಿಗುತ್ತದೆ. ಕೂರಿಗೆ ಬೇಡ, ಮಗುವಿನ ಬೆರಳೇ ಕೂರಿಗೆ: ಮೊದಲ ಗೆಣ್ಣು ಮುಳುಗುವಷ್ಟು ಊರಿ, ಕುಣಿಗೆ ಎರಡು ಕಾಳು. ಐದಾರು ದಿನಕ್ಕೆ ಬೆನ್ನು ಬಾಗಿಸಿಕೊಂಡು ಮೊಳಕೆ ಮೇಲೆ ಬರುತ್ತದೆ. ಹಬ್ಬುವ ಜಾತಿಯಾದರೆ ಪಕ್ಕದಲ್ಲಿ ಒಂದು ಉದ್ದ ಕಣಕಿ ನೆಡಿ.