ಈ ಫೈಲ್ ಯಾವ ಪ್ಯಾಕೇಜಿನದು?

ಲಿನಕ್ಸ್‌ನಲ್ಲಿ ಒಂದು ಫೈಲ್ ಯಾವ ಪ್ಯಾಕೇಜಿನಿಂದ (ಒಟ್ಟಾಗಿ ಇನ್‌ಸ್ಟಾಲ್ ಆಗುವ ಫೈಲುಗಳ ಕಟ್ಟು) ಬರುತ್ತದೆಂದು ತಿಳಿಯಬೇಕಾದಾಗ, ಅದು ಈಗಾಗಲೇ ಸಿಸ್ಟಮ್‌ನಲ್ಲಿ ಇದೆಯೋ ಇಲ್ಲವೋ, ನಾನು ಮೊದಲು ನೋಡುವುದು ಇದನ್ನೇ. ಇದ್ದರೆ ಇನ್‌ಸ್ಟಾಲ್ ಆದ ಪ್ಯಾಕೇಜುಗಳ ದಾಖಲೆಯಲ್ಲಿ ಹುಡುಕಬೇಕು, ಇಲ್ಲದಿದ್ದರೆ ರೆಪಾಸಿಟರಿಯ (ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ಭಂಡಾರದ) ಪಟ್ಟಿಯಲ್ಲಿ. ಎರಡಕ್ಕೂ ಕಮಾಂಡ್ ಬೇರೆ.

ಡೆಬಿಯನ್, ಉಬುಂಟುಗಳಲ್ಲಿ ಇರುವ ಫೈಲಿಗೆ 'ಡಿಪಿಕೆಜಿ -ಎಸ್', ಮುಂದೆ ಫೈಲಿನ ಪೂರ್ತಿ ಪಾತ್, ಅಂದರೆ ಅದು ಇರುವ ಜಾಗದ ವಿಳಾಸ. ಎಸ್ ದೊಡ್ಡಕ್ಷರವೇ ಆಗಿರಬೇಕು. ಚಿಕ್ಕ ಎಸ್ ಕೊಟ್ಟರೆ ಅದು ಪ್ಯಾಕೇಜಿನ ಸ್ಥಿತಿ ತೋರಿಸುವ ಬೇರೆಯೇ ಆಯ್ಕೆ. ಕಮಾಂಡಿನ ಪಾತ್ ಗೊತ್ತಿಲ್ಲದಿದ್ದರೆ ಬ್ಯಾಷ್ ಶೆಲ್‌ನಲ್ಲಿ (ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಂ) 'ಟೈಪ್ -ಪಿ' (ಇಲ್ಲಿಯೂ ದೊಡ್ಡ ಪಿ) ಬಳಸುತ್ತೇನೆ, ಅದು ಏಲಿಯಾಸ್‌ಗಳನ್ನು (ಕಮಾಂಡುಗಳಿಗೆ ನಾವು ಕೊಟ್ಟ ಅಡ್ಡಹೆಸರು) ಬದಿಗಿಟ್ಟು ಪಾತ್ ಮಾತ್ರ ಕೊಡುತ್ತದೆ.

ಹೆಚ್ಚು ಜನ ಎಡವುವುದು ಇಲ್ಲಿಂದ ಮುಂದೆ. ಡೆಬಿಯನ್ 12ರಲ್ಲಿ '/ಯುಎಸ್‌ಆರ್/ಬಿನ್/ಎಲ್‌ಎಸ್' ಎಂದು ಕೇಳಿದರೆ ಯಾವ ಪ್ಯಾಕೇಜೂ ಸಿಗಲಿಲ್ಲ ಎನ್ನುತ್ತದೆ. ಫೈಲ್ ಕಣ್ಣೆದುರೇ ಇದೆ, ಬಂದದ್ದು ಕೋರ್‌ಯುಟಿಲ್ಸ್ ಪ್ಯಾಕೇಜಿನಿಂದ. ಆದರೆ ದಾಖಲೆಯಲ್ಲಿ ಬರೆದಿರುವುದು '/ಬಿನ್/ಎಲ್‌ಎಸ್' ಎಂದು. '/ಬಿನ್' ಈಗ '/ಯುಎಸ್‌ಆರ್/ಬಿನ್'ಗೆ ಬರೀ ಸಿಮ್‌ಲಿಂಕ್, ಅಂದರೆ ಬೇರೆ ಪಾತ್‌ಗೆ ಕೈತೋರುವ ಕೊಂಡಿ. ಡಿಪಿಕೆಜಿ ಹೋಲಿಸುವುದು ಅಕ್ಷರಗಳನ್ನು, ಲಿಂಕ್ ಹಿಂಬಾಲಿಸುವುದಿಲ್ಲ. ಹಾಗಾಗಿ ನಾನು '*/ಬಿನ್/ಎಲ್‌ಎಸ್' ಎಂದು ಕೋಟ್ಸ್ ಒಳಗೆ ಕೊಡುತ್ತೇನೆ, ಎರಡೂ ಪಾತ್ ಹೊಂದುತ್ತವೆ. ಆರಂಭದ ನಕ್ಷತ್ರ, ಸ್ಲ್ಯಾಷ್ ಎರಡನ್ನೂ ಬಿಟ್ಟರೆ ಹೆಸರಿನ ಎರಡೂ ಬದಿಗೆ ನಕ್ಷತ್ರ ತಾನೇ ಸೇರಿ 'ಎಲ್‌ಎಸ್‌ಬಿಎಲ್‌ಕೆ'ಯಂಥವೂ ಬಂದು ಬೀಳುತ್ತವೆ.

'ವಿಐ' ಎಂಬ ಎಡಿಟರಿನ ಕಥೆ ಬೇರೆ. ಅದು ಆಲ್ಟರ್ನೇಟಿವ್ಸ್ ವ್ಯವಸ್ಥೆ (ಒಂದೇ ಕೆಲಸದ ಹಲವು ಪ್ರೋಗ್ರಾಂಗಳಲ್ಲಿ ಒಂದನ್ನು ಆರಿಸುವುದು) ಮಾಡಿದ ಲಿಂಕ್, ಯಾವ ಪ್ಯಾಕೇಜಿನ ಪಟ್ಟಿಯಲ್ಲೂ ಇರುವುದಿಲ್ಲ. 'ರೀಡ್‌ಲಿಂಕ್ -ಎಫ್'ನಿಂದ ಕೊನೆಯ ಫೈಲ್ ಯಾವುದೆಂದು ತಿಳಿದು ಅದನ್ನು ಕೇಳಬೇಕು.

ಇಲ್ಲದ ಫೈಲಿಗೆ 'ಆಪ್ಟ್-ಫೈಲ್' ಬೇಕು. ಅದನ್ನು ಇನ್‌ಸ್ಟಾಲ್ ಮಾಡಿ, 'ಆಪ್ಟ್-ಫೈಲ್ ಅಪ್‌ಡೇಟ್' ಓಡಿಸಿದ ಮೇಲೇ ಹುಡುಕಿ, ಪಟ್ಟಿ ಇಳಿಯದಿದ್ದರೆ ಏನೂ ಸಿಗದು. ಪ್ರೋಗ್ರಾಂ 'ಲಿಬ್‌ಜಿಎಲ್.ಎಸ್ಒ.1' ಇಲ್ಲವೆಂದು ನಿಂತಿತೆನ್ನಿ. ಬರೀ ಹೆಸರು ಕೊಟ್ಟರೆ 'ಲಿಬ್‌ಜಿಎಲ್.ಎಸ್ಒ.1.7.0'ದಂಥವೂ ಬರುತ್ತವೆ. 'ಆಪ್ಟ್-ಫೈಲ್ ಸರ್ಚ್ -ಎಕ್ಸ್' ಎಂದು, ಹೆಸರಿನ ಮುಂದೆ ಸ್ಲ್ಯಾಷ್, ಚುಕ್ಕೆಗಳಿಗೆ ಬ್ಯಾಕ್‌ಸ್ಲ್ಯಾಷ್, ಕೊನೆಗೆ ಡಾಲರ್ ಚಿಹ್ನೆ ಹಾಕಿದರೆ 'ಲಿಬ್‌ಜಿಎಲ್1' ಸಿಗುತ್ತದೆ. ಜಿ, ಎಲ್ ದೊಡ್ಡಕ್ಷರ ಎಂಬುದು ನೆನಪಿರಲಿ. ಕೊನೆಯ 1 ಇಲ್ಲದ ಫೈಲ್ ಕಂಪೈಲ್ ಮಾಡುವವರಿಗೆ, ಅದು 'ಡೆವ್' ಪ್ಯಾಕೇಜಿನಲ್ಲಿರುತ್ತದೆ.

ಫೆಡೋರಾದಲ್ಲಿ ಇದ್ದದ್ದಕ್ಕೆ 'ಆರ್‌ಪಿಎಂ -ಕ್ಯೂಎಫ್', ಇಲ್ಲದ್ದಕ್ಕೆ 'ಡಿಎನ್‌ಎಫ್ ಪ್ರೊವೈಡ್ಸ್'. ಹೆಸರಿನ ಮುಂದೆ '*/' ಹಾಕಿ ಕೋಟ್ಸ್ ಕೊಡಿ, ಇಲ್ಲದಿದ್ದರೆ ಶೆಲ್ಲೇ ನಕ್ಷತ್ರವನ್ನು ಬಿಡಿಸಿಬಿಡಬಹುದು. ಆರ್ಚ್‌ನಲ್ಲಿ 'ಪ್ಯಾಕ್‌ಮನ್ -ಕ್ಯೂಒ' ಮತ್ತು '-ಎಫ್' (ಕ್ಯೂ, ಎಫ್ ದೊಡ್ಡಕ್ಷರ). ಎರಡನೆಯದಕ್ಕೆ ಮೊದಲು '-ಎಫ್‌ವೈ' ಓಡಿಸಿರಬೇಕು.

'/ಇಟಿಸಿ/ಪಾಸ್‌ಡಬ್ಲ್ಯುಡಿ' ಫೈಲಿನಂತೆ ಕೆಲವನ್ನು ಇನ್‌ಸ್ಟಾಲ್ ಆಗುವ ಹೊತ್ತಿಗೆ ಸ್ಕ್ರಿಪ್ಟ್‌ಗಳೇ ಸೃಷ್ಟಿಸುತ್ತವೆ. ಡೆಬಿಯನ್‌ನಲ್ಲಿ ಇಂಥವು ಎದುರಾದರೆ '/ವಾರ್/ಲಿಬ್/ಡಿಪಿಕೆಜಿ/ಇನ್ಫೋ' ಡೈರೆಕ್ಟರಿಯ 'ಪೋಸ್ಟ್‌ಇನ್ಸ್ಟ್' ಫೈಲುಗಳಲ್ಲಿ (ಪ್ಯಾಕೇಜ್ ಇನ್‌ಸ್ಟಾಲ್ ಆಗುವಾಗ ಓಡುವ ಸ್ಕ್ರಿಪ್ಟ್‌ಗಳು) 'ಗ್ರೆಪ್ -ಎಲ್' ಮಾಡಿ ಆ ಹೆಸರನ್ನು ಹುಡುಕುತ್ತೇನೆ. ಸಿಕ್ಕ ಸ್ಕ್ರಿಪ್ಟ್ ಯಾವ ಪ್ಯಾಕೇಜಿನದೆಂದು ಅದರ ಫೈಲ್ ಹೆಸರಿನಲ್ಲೇ ಇರುತ್ತದೆ.