ಕಲ್ಲಿದ್ದಲು ತೊಳೆಯುವ ಮೊದಲು ಒಂದು ಬಕೆಟ್ ಪರೀಕ್ಷೆ

ಕಲ್ಲಿದ್ದಲು ತೊಳೀತಾರೆ ಅಂದಾಗ ನಮ್ಮವ್ವ ನಕ್ಕಿದ್ದಳು. "ಎಷ್ಟು ತೊಳದ್ರೂ ಕರ್ರಗೇ ಇರ್ತದಲ್ಲೋ!" ಆದರೆ ಅವಳು ಅಕ್ಕಿ ಜಾಲಿಸಿ ಕಲ್ಲು ತೆಗೆಯುತ್ತಿದ್ದಳಲ್ಲ, ಲ್ಯಾಬಿನಲ್ಲಿ ನನ್ನದೂ ಅದೇ ಕೆಲಸ.

ಒಡಿಶಾದ ತಾಲ್ಚೇರಿನಿಂದ ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಬರುವ ಒಂದು ರೇಕಿನಲ್ಲಿ, ಅಂದರೆ ಒಂದು ಇಡೀ ಗೂಡ್ಸ್ ರೈಲಿನಲ್ಲಿ, ಹೆಚ್ಚುಕಡಿಮೆ 4,000 ಟನ್ ಕಲ್ಲಿದ್ದಲು ಇರುತ್ತದೆ. ಬೂದಿ ಶೇ. 42 ಇದ್ದರೆ 1,680 ಟನ್ ಬರೀ ಮಣ್ಣು. ಅದನ್ನೂ ರೈಲಿನಲ್ಲಿ ಹೊತ್ತು ತಂದು, ಅರೆದು, ಉರಿಸಿ, ಕೊನೆಗೆ ಚಿಮಣಿ ಹತ್ತಿರ ಹಿಡಿಯಲು ಒದ್ದಾಡಬೇಕು. ಗಣಿ ಹತ್ತಿರವೇ ತೆಗೆದರೆ ವಾಸಿ ಅಲ್ವಾ?

ಎಷ್ಟು ತೆಗೆಯಬಹುದು ಅಂತ ಮೊದಲು ನೋಡಬೇಕು. ಒಳ್ಳೆಯ ಕಲ್ಲಿದ್ದಲಿನ ಸಾಂದ್ರತೆ 1.3ರ ಆಸುಪಾಸು, ಕಲ್ಲಿನದು 2ಕ್ಕಿಂತ ಮೇಲೆ. ನೀರಿನದು 1, ಹಾಗಾಗಿ ನೀರಿನಲ್ಲಿ ಎರಡೂ ಮುಳುಗುತ್ತವೆ. ಅದಕ್ಕೇ ಸತುವಿನ ಕ್ಲೋರೈಡ್ ಅನ್ನುವ ಲವಣ ಕರಗಿಸಿ, ಒಳ್ಳೆಯ ಕಲ್ಲಿದ್ದಲು ತೇಲುವಂಥ ಮೂರು ಬಕೆಟ್ ದ್ರಾವಣ ಮಾಡಿಕೊಳ್ಳಿ, ಸಾಂದ್ರತೆ 1.4, 1.5, 1.6. ಹೈಡ್ರೋಮೀಟರಿನಲ್ಲಿ ಅಳೆಯಿರಿ, ಅಂದಾಜು ಬೇಡ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು, ಇದು ಚರ್ಮ ಸುಡುತ್ತದೆ.

ಮಾದರಿಯನ್ನು ಗುಪ್ಪೆ ಹಾಕಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಉಳಿಸಿಕೊಳ್ಳಿ. ಅರ್ಧ ಮಿ.ಮೀ.ಗಿಂತ ಸಣ್ಣ ಪುಡಿಯನ್ನು ಜರಡಿ ಹಿಡಿದು ಬೇರೆ ಇಡಿ. ಉಳಿದದ್ದನ್ನು 1.4ರ ಬಕೆಟ್ಟಿಗೆ ಹಾಕಿ, ನಿಧಾನ ಕಲಕಿ. ತೇಲಿದ್ದನ್ನು ಜಾಲರಿಯಲ್ಲಿ ಎತ್ತಿಡಿ. ಮುಳುಗಿದ್ದು ಮುಂದಿನ ಬಕೆಟ್ಟಿಗೆ, ಅಲ್ಲಿಂದ ಕೊನೆಯದಕ್ಕೆ. ಒಂದೊಂದು ಪಾಲನ್ನೂ ನೀರಿನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ತೂಗಿ. ಆಮೇಲೆ ಸಣ್ಣಗೆ ಅರೆದು, 1 ಗ್ರಾಂ ತೆಗೆದು 815 ಡಿಗ್ರಿಯಲ್ಲಿ ಸುಟ್ಟರೆ ಉಳಿಯುವುದೇ ಬೂದಿ.

ಹೊಸದರಲ್ಲಿ ಒಂದು ಸಂಜೆ ಅವಸರಕ್ಕೆ ಬಿದ್ದು ಸುಮ್ನೆ ಒಂದು ಸಲ ನೀರು ಚಿಮುಕಿಸಿ ಬಿಟ್ಟಿದ್ದೆ. ಎಲ್ಲ ಪಾಲಿನ ತೂಕ ಕೂಡಿದರೆ, ಹಾಕಿದ್ದಕ್ಕಿಂತ ಜಾಸ್ತಿ! ಆ ಲವಣ ಅಂಟಿಕೊಂಡು ಗಾಳಿಯ ತೇವ ಹೀರುತ್ತಾ ಕೂತಿತ್ತು. ಮರುದಿನ ಇಡೀ ಕೆಲಸ ಮತ್ತೆ.

ಈಗ ಲೆಕ್ಕ. 1,000 ಕೆ.ಜಿ.ಯಲ್ಲಿ 420 ಕೆ.ಜಿ. ಬೂದಿ ಅನ್ನಿ. ಮೂರೂ ಬಕೆಟ್ಟಿನಲ್ಲಿ ತೇಲಿದ್ದು ಒಟ್ಟು 750 ಕೆ.ಜಿ., ಅದರ ಬೂದಿ ಶೇ. 34 ಆದರೆ 255 ಕೆ.ಜಿ. ಉಳಿದ 165 ಕೆ.ಜಿ. ಬೂದಿ ಕೊನೆಗೂ ಮುಳುಗಿದ 250 ಕೆ.ಜಿ. ತಿರಸ್ಕೃತದಲ್ಲಿ ಹೋಯಿತು. ಇನ್ನೂ ಕೆಳಗಿಳಿಸಲು ಹೋದರೆ ಕಲ್ಲಿದ್ದಲೇ ಕೈಬಿಡುತ್ತದೆ. ನಮ್ಮ ಕಲ್ಲಿದ್ದಲಿನಲ್ಲಿ ಮಣ್ಣು ಒಳಗೇ ಬೆರೆತಿರುತ್ತದೆ, ನೋಡಿ. ದೂರದ ವಿದ್ಯುತ್ ಸ್ಥಾವರಗಳಿಗೆ ಇದ್ದ ಶೇ. 34ರ ಬೂದಿ ಮಿತಿಯನ್ನು ಕೇಂದ್ರ 2020ರ ಮೇನಲ್ಲಿ ತೆಗೆದುಹಾಕಿತು. ನನಗಂತೂ ಅದು ಸರಿಬರಲಿಲ್ಲ.

ವಾಷರಿಯಲ್ಲಿ, ಅಂದರೆ ಕಲ್ಲಿದ್ದಲು ತೊಳೆಯುವ ಘಟಕದಲ್ಲಿ, ಸತುವಿನ ಲವಣ ದುಬಾರಿ. ಅಲ್ಲಿ ನೀರಿಗೆ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಅದಿರಿನ ಪುಡಿ ಬೆರೆಸುತ್ತಾರೆ, ಆಮೇಲೆ ಅಯಸ್ಕಾಂತದ ಡ್ರಮ್ಮಿನಿಂದ ವಾಪಸ್ ಪಡೆಯುತ್ತಾರೆ. ಸಣ್ಣ ಪುಡಿಗೆ ಡೀಸೆಲ್ ಸೇರಿಸಿ ನೊರೆಯಲ್ಲಿ ತೇಲಿಸುವ ದಾರಿ ಇದೆ.

ಗಂಧಕದ ಹೊಗೆ ಇದರಿಂದ ನಿಲ್ಲುತ್ತದೆ ಅಂತ ನಂಬಬೇಡಿ. ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಭಾರದ ಖನಿಜ) ರೂಪದಲ್ಲಿದ್ದದ್ದು ಮುಳುಗುತ್ತದೆ, ಕಲ್ಲಿದ್ದಲಿನ ಅಣುವಿನಲ್ಲೇ ಕೂತದ್ದು ಹೋಗುವುದಿಲ್ಲ.

ತಿರಸ್ಕೃತವನ್ನು ಸಡಿಲವಾಗಿ ರಾಶಿ ಹಾಕಬೇಡಿ. ಅದರಲ್ಲೂ ಮೂರನೇ ಒಂದು ಪಾಲು ಉರಿಯುವಂಥದ್ದೇ. ತೆಳುವಾಗಿ ಹರಡಿ, ರೋಲರ್ ಹೊಡೆಸಿ, ಮೇಲೆ ಮಣ್ಣು ಮುಚ್ಚಿ. ಇಲ್ಲದಿದ್ದರೆ ಬೇಸಿಗೆಯಲ್ಲಿ ರಾಶಿ ತಾನಾಗೇ ಹೊಗೆಯಾಡಲು ಶುರುಮಾಡುತ್ತದೆ.